ಸಹಾಯಾರ್ಥ ಒಂದು ಗುಟುಕು

‘ಸಹಾಯಾರ್ಥ’ ಎಂಬ ಪದ ಕಿವಿಗೆ ಬಿದ್ದೊಡನೆ ನನ್ನ ತಲೆಮಾರಿನವರ ಕಣ್ಣ ಮುಂದೆ ಬಂದು ನಿಲ್ಲುವುದು ಟಾರ್ಪಾಲಿನ ಟೆಂಟು, ಪೆಟ್ರೋಮ್ಯಾಕ್ಸ್ ದೀಪ, ತೆಳು ಗುಲಾಬಿ ಬಣ್ಣದ ಟಿಕೆಟ್ ಪುಸ್ತಕ. ಪ್ರೌಢಶಾಲೆಯ ಕಟ್ಟಡದ ಸಹಾಯಾರ್ಥ ನಾಟಕ, ದೇವಸ್ಥಾನದ ಜೀರ್ಣೋದ್ಧಾರದ ಸಹಾಯಾರ್ಥ ಯಕ್ಷಗಾನ, ಯುದ್ಧನಿಧಿಯ ಸಹಾಯಾರ್ಥ ಸಂಗೀತ ಕಚೇರಿ. ಊರಿನವರಿಗೆ ಒಂದು ರಾತ್ರಿಯ ಸಂತೋಷವನ್ನೂ ಸತ್ಕಾರ್ಯವೊಂದಕ್ಕೆ ಹಣವನ್ನೂ ಏಕಕಾಲಕ್ಕೆ ಹೊಂದಿಸುವ ಈ ಜಾಣತನ ನಮಗೆ ಹೊಸದೇನಲ್ಲ. ಆದರೂ 2024ರ ಅಕ್ಟೋಬರ್‌ನಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಸಣ್ಣ ಪಟ್ಟಣವೊಂದರಲ್ಲಿ, ಮಗಳ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಟಿಕೆಟ್ಟೊಂದನ್ನು ಕನ್ನಡಕ ಏರಿಸಿ ಓದಿದಾಗ ನಾನು ಒಂದು ಕ್ಷಣ ಬೆಪ್ಪಾದೆ. ಅದು ಸಹಾಯಾರ್ಥ ಬಿಯರ್ ರುಚಿ ನೋಡುವ ಸಂಜೆ. ನಡೆಯುವುದು ಚರ್ಚಿನ ಸಭಾಂಗಣದಲ್ಲಿ. ಬರುವ ಹಣವೆಲ್ಲ ಊರಿನ ಹಾಸ್ಪೈಸ್‌ಗೆ. ಎಂದರೆ ವಾಸಿಯಾಗುವ ಆಸೆ ಉಳಿಯದ ರೋಗಿಗಳು ತಮ್ಮ ಕೊನೆಯ ದಿನಗಳನ್ನು ನೋವಿಲ್ಲದೆ ಕಳೆಯಲೆಂದು ಇರುವ ಮನೆಗೆ.

“ಬನ್ನಿ ಅಪ್ಪ, ಕುಡಿಯಲೇಬೇಕೆಂದಿಲ್ಲ. ಆಲೂಗಡ್ಡೆ ಚಿಪ್ಸು ತಿನ್ನುತ್ತ ಕೂತರಾಯಿತು,” ಎಂದಳು ಮಗಳು. ಅವಳು ಅಲ್ಲಿಯ ಆಸ್ಪತ್ರೆಯೊಂದರಲ್ಲಿ ವೈದ್ಯೆ. ಅಳಿಯ ಆ ಸಂಜೆಯ ಸ್ವಯಂಸೇವಕರಲ್ಲಿ ಒಬ್ಬ. ಎಪ್ಪತ್ತರ ಹೊಸ್ತಿಲು ದಾಟಿದ ನಾನು ಅಲ್ಲಿಯವರೆಗೆ ಮದ್ಯವನ್ನು ಮಾರುವ ಯಾವ ಜಾಗದಲ್ಲೂ ಹೋಗಿ ಕುಳಿತವನಲ್ಲ. ಇದು ಮಡಿವಂತಿಕೆಯಲ್ಲ. ಕಾರಣ ನನ್ನ ಅಣ್ಣ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸಭಾಂಗಣದ ಬಾಗಿಲಲ್ಲಿ ಅಜ್ಜಿಯೊಬ್ಬರು ಟಿಕೆಟ್ ಹರಿದು, ಕೈಗೊಂದು ಗಾಜಿನ ಲೋಟವನ್ನೂ ಕಾಗದದ ಟೋಕನ್ ಹಾಳೆಯನ್ನೂ ಕೊಟ್ಟರು. ಲೋಟದ ಮೇಲೆ ಸಂಜೆಯ ಹೆಸರು, ವರ್ಷ ಮತ್ತು ಮೂರು ಗೆರೆಗಳು: ಮೂರನೇ ಒಂದು ಪಿಂಟ್, ಅರ್ಧ ಪಿಂಟ್, ಪೂರ್ತಿ ಪಿಂಟ್. ಆ ದೇಶದಲ್ಲಿ ನಲ್ಲಿಯಿಂದ ಸುರಿಯುವ ಬಿಯರ್ ಅನ್ನು ಕಣ್ಣಂದಾಜಿನಲ್ಲಿ ಮಾರುವಂತಿಲ್ಲ. ಕಾನೂನು ಹೇಳಿದ ಅಳತೆಯಲ್ಲೇ ಮಾರಬೇಕು. ಪೂರ್ತಿ ಪಿಂಟ್ ಎಂದರೆ 568 ಮಿಲಿಲೀಟರ್; ಅದರ ಮೂರನೇ ಒಂದು ಭಾಗ ಸುಮಾರು 189. ರುಚಿ ನೋಡಲು ಬಂದವರು ಕೇಳುವುದು ಈ ಕೆಳಗಿನ ಗೆರೆಯನ್ನೇ. ಗೋಡೆಯುದ್ದಕ್ಕೂ ಮರದ ಅಟ್ಟಣೆಯ ಮೇಲೆ ಪೀಪಾಯಿಗಳನ್ನು ಅಡ್ಡಲಾಗಿ ಮಲಗಿಸಿ, ನಮ್ಮ ಕಡೆ ಬೇಸಿಗೆಯಲ್ಲಿ ನೀರಿನ ಮಡಕೆಗೆ ಸುತ್ತುವಂತೆ ಒದ್ದೆ ಬಟ್ಟೆ ಹೊದಿಸಿದ್ದರು. ಒಂದೊಂದರಲ್ಲೂ ಒಂಬತ್ತು ಗ್ಯಾಲನ್, ಅಂದರೆ 72 ಪಿಂಟು. ಇಷ್ಟೆಲ್ಲ ಇದ್ದೂ ಅಲ್ಲಿದ್ದ ಸದ್ದು ಮದುವೆ ಮನೆಯ ಊಟದ ಸಾಲಿನ ಸದ್ದಿಗಿಂತ ಕಡಿಮೆ. ಮೂಲೆಯ ಮೇಜಿನಲ್ಲಿ ಇಬ್ಬರು ಮಕ್ಕಳು ಬಣ್ಣ ಹಚ್ಚುತ್ತ ಕುಳಿತಿದ್ದರು.

ಬಿಯರ್ ಎಂದರೆ ಮಂಜುಗಡ್ಡೆಯಂತೆ ತಣ್ಣಗಿರುವ ಹಳದಿ ನೊರೆನೀರು ಎಂದು ಜಾಹೀರಾತುಗಳಿಂದ ಕಲಿತಿದ್ದೆ. ಇಲ್ಲಿಯದು ಬೇರೆ ಜಾತಿ. ಪೀಪಾಯಿಯೊಳಗೆ ಇನ್ನೂ ಜೀವಂತವಾಗಿರುವ ಯೀಸ್ಟು ಮಾರುವ ಗಳಿಗೆಯವರೆಗೂ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ನೆಲಮಾಳಿಗೆಯ ತಂಪಿಗಿಂತ ಹೆಚ್ಚು ತಣಿಸಿದರೆ ರುಚಿ ಸತ್ತುಹೋಗುತ್ತದೆಯಂತೆ. 1970ರ ಹೊತ್ತಿಗೆ ದೊಡ್ಡ ಕಂಪನಿಗಳ ಯಂತ್ರದ ಬಿಯರ್ ಮುಂದೆ ಇದು ಅಳಿದೇಹೋಗುವ ಸ್ಥಿತಿಗೆ ಬಂದಿತ್ತು. 1971ರಲ್ಲಿ ನಾಲ್ವರು ಗೆಳೆಯರು ಆರಂಭಿಸಿದ ‘ಕ್ಯಾಮ್ರಾ’ ಎಂಬ ಗ್ರಾಹಕ ಚಳವಳಿ ಅದನ್ನು ಉಳಿಸಿಕೊಂಡಿತು. ಕುಡುಕರ ಸಂಘವೆಂದು ನಗಬೇಡಿ. ನಾವು ನಾಟಿ ಭತ್ತದ ತಳಿಗಳಿಗಾಗಿ ಮಾಡುವ ವಾದವನ್ನೇ ಅವರು ಬಾರ್ಲಿಯ ರಸಕ್ಕಾಗಿ ಮಾಡಿದರು.

ಮಾಡುವ ವಿಧಾನ ಕೇಳಿದಾಗ ನನಗೆ ನಮ್ಮ ಅಡುಗೆಮನೆಯೇ ನೆನಪಾಯಿತು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿಯುತ್ತಾರೆ. ಮಕ್ಕಳ ಗಂಜಿಗೆ ನಮ್ಮ ಹೆಂಗಸರು ರಾಗಿಯನ್ನು ಅಣಿಮಾಡುವ ಹಾಗೆಯೇ. ಆಮೇಲೆ ಬಿಸಿನೀರಿನಲ್ಲಿ ಅದರ ಸಿಹಿಯನ್ನು ಬಸಿದು, ಹಾಪ್ ಎಂಬ ಬಳ್ಳಿಯ ಹೂವನ್ನು ಕಹಿಗೆಂದು ಹಾಕಿ ಕುದಿಸಿ, ಆರಿದ ಮೇಲೆ ಯೀಸ್ಟಿನ ವಶಕ್ಕೆ ಬಿಡುತ್ತಾರೆ. ಒಂದು ವಿಷಯ ಮಾತ್ರ ಸಸ್ಯಾಹಾರಿಗಳ ಮನೆಯಲ್ಲಿ ಯಾರೂ ಹೇಳಿರಲಿಕ್ಕಿಲ್ಲ. ಈ ಬಗೆಯ ಬಿಯರ್ ಅನ್ನು ತಿಳಿಗೊಳಿಸಲು ಪೀಪಾಯಿಗೆ ಹಾಕುತ್ತ ಬಂದಿರುವ ವಸ್ತು ಮೀನಿನ ಗಾಳಿಚೀಲದಿಂದ ತೆಗೆದದ್ದು! ಈಚೆಗೆ ಹಲವರು ಅದನ್ನು ಕೈಬಿಟ್ಟಿದ್ದಾರೆ. ಅಂತಹ ಪೀಪಾಯಿಗಳ ಮೇಲೆ ಹಸಿರು ಚೀಟಿ ಇತ್ತು. ಅಳಿಯ ನನ್ನ ಮುಖ ನೋಡಿ ನಗುತ್ತ ಹಸಿರು ಚೀಟಿಗಳ ಕಡೆಗೆ ಕೈ ತೋರಿಸಿದ.

ದೇವಾಲಯದ ನೆರಳಿನಲ್ಲಿ ಮದ್ಯವೇ ಎಂಬ ನನ್ನ ಅಚ್ಚರಿಯನ್ನು ಆ ಊರಿನ ಚರಿತ್ರೆ ಬಲ್ಲವರೊಬ್ಬರು ಹಗುರವಾಗಿ ಕಳೆದರು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಇದು ಚರ್ಚಿನ ಪ್ರಮುಖ ಆದಾಯಗಳಲ್ಲಿ ಒಂದು. ಊರಿನವರಿಂದ ಮಾಲ್ಟ್ ಎತ್ತಿ, ಚರ್ಚಿಗೆ ಸೇರಿದ ಮನೆಯಲ್ಲೇ ಪೇಯ ಕಾಯಿಸಿ, ಹಬ್ಬದ ದಿನ ಅದೇ ಊರಿನವರಿಗೆ ಮಾರುತ್ತಿದ್ದರು. ‘ಚರ್ಚ್ ಏಲ್’ ಎಂಬುದೇ ಅದರ ಹೆಸರು. ಆ ಹಣದಿಂದ ಚಾವಣಿ ದುರಸ್ತಿಯಾಗುತ್ತಿತ್ತು, ಗಂಟೆ ಎರಕವಾಗುತ್ತಿತ್ತು, ಬಡವರಿಗೆ ಕಾಳು ಸಲ್ಲುತ್ತಿತ್ತು. ಬೀದಿಗೆ ಬಿದ್ದ ನೆರೆಯವನೊಬ್ಬನನ್ನು ಎತ್ತಿ ನಿಲ್ಲಿಸಲೆಂದೇ ನಡೆಯುವ ಏಲ್‌ಗಳೂ ಇದ್ದವು. ಮದುವೆಗೆ ಸಂಬಂಧಿಸಿದ ‘ಬ್ರೈಡಲ್’ ಎಂಬ ಇಂಗ್ಲಿಷ್ ಪದದ ಮೂಲ ‘ಬ್ರೈಡ್ ಏಲ್’, ಎಂದರೆ ಮದುವಣಗಿತ್ತಿಯ ಹೆಸರಿನ ಪಾನಕೂಟ. ನಮ್ಮ ಹಳ್ಳಿಗಳ ಮುಯ್ಯಿ ಪದ್ಧತಿಯ ದೂರದ ನೆಂಟನೆನ್ನಬಹುದು. ಎಲ್ಲರಿಗೂ ಇದು ಹಿಡಿಸಿತ್ತೆಂದಲ್ಲ. 1583ರಲ್ಲಿ ಫಿಲಿಪ್ ಸ್ಟಬ್ಸ್ ಎಂಬ ಪ್ಯೂರಿಟನ್ ಲೇಖಕ ಇದನ್ನು ಅನಾಚಾರಗಳ ಪಟ್ಟಿಯಲ್ಲಿ ಸೇರಿಸಿ ಝಾಡಿಸಿದ. 1630ರ ದಶಕದಲ್ಲಿ ಸಾಮರ್‌ಸೆಟ್ ಸೀಮೆಯ ಏಲ್‌ಗಳನ್ನು ನ್ಯಾಯಾಧೀಶರೊಬ್ಬರು ನಿಷೇಧಿಸಿದಾಗ ಜಗಳ ರಾಜನವರೆಗೂ ಹೋಗಿ, ಒಂದನೇ ಚಾರ್ಲ್ಸ್ 1633ರಲ್ಲಿ ಜನರ ಹಬ್ಬದ ಆಟಪಾಟಗಳ ಪರವಾಗಿ ಘೋಷಣೆ ಹೊರಡಿಸಬೇಕಾಯಿತು. ಮುಂದೆ ಪ್ಯೂರಿಟನ್ನರ ಕೈ ಮೇಲಾದಾಗ ಪದ್ಧತಿಯೇ ಸೊರಗಿತು. ಹೆಂಡದ ಹಣದಿಂದ ಪುಣ್ಯಕಾರ್ಯ ಮಾಡಬಹುದೇ ಎಂಬ ಪ್ರಶ್ನೆ, ನೋಡಿ, ನಮಗಿಂತ ನಾನ್ನೂರು ವರ್ಷ ಹಿರಿಯದು.

ಒಂದು ಪೀಪಾಯಿಯ ಮೇಲೆ ನಮ್ಮ ದೇಶದ ಹೆಸರೇ ಇತ್ತು: ‘ಇಂಡಿಯಾ ಪೇಲ್ ಏಲ್’. ಹದಿನೆಂಟನೆಯ ಶತಮಾನದ ಕೊನೆಗೆ ಲಂಡನ್ನಿನ ಹಾಡ್ಜ್‌ಸನ್ ಎಂಬಾತನ ಕಾರ್ಖಾನೆಯಿಂದಲೂ, 1820ರ ದಶಕದ ನಂತರ ಬರ್ಟನ್ ಪಟ್ಟಣದಿಂದಲೂ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಆಫ್ರಿಕಾ ಸುತ್ತಿಕೊಂಡು ತಿಂಗಳುಗಟ್ಟಲೆ ತೂಗಾಡಿ ಬರುತ್ತಿದ್ದ ಪೇಯದ ವಂಶಸ್ಥ ಇದು. ಬಿಸಿಲಿನ ಆ ಪ್ರಯಾಣದಲ್ಲೇ ಅದು ಹಣ್ಣಾಗುತ್ತಿತ್ತು. ಭಾರತಕ್ಕೆಂದೇ ಯಾರೋ ಒಬ್ಬ ಜಾಣ ಕಂಡುಹಿಡಿದ ಪಾನೀಯ ಎಂಬ ಜನಪ್ರಿಯ ಕಥೆಯನ್ನು ಈಗಿನ ಇತಿಹಾಸಕಾರರು ಒಪ್ಪುವುದಿಲ್ಲ. ನಮ್ಮ ಬೆಂಗಳೂರು ಆ ಹಡಗಿನ ಹಾದಿಯ ಕೊನೆಯಲ್ಲಿದ್ದ ದಂಡಿನ ಊರುಗಳಲ್ಲಿ ಒಂದು. ಕಡಲಾಚೆಯಿಂದ ತರಿಸುವ ಬದಲು ಇಲ್ಲಿಯೇ ಕಾಯಿಸುವ ವ್ಯವಹಾರ ಬೆಳೆದು, ದಕ್ಷಿಣದ ಕೆಲವು ಬ್ರೂವರಿಗಳನ್ನು ಕೂಡಿಸಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ ಮನುಷ್ಯ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಈಗಿನ ತರುಣರಿಗೆ ಗೊತ್ತಿರುವುದು 2010ರ ಸುಮಾರಿಗೆ ತೆರೆಯತೊಡಗಿದ ಕಿರು ಬ್ರೂವರಿಗಳು. ಊರಿಗೆ ಈ ನಂಟು ಅದಕ್ಕಿಂತ ಬಹಳ ಹಳೆಯದು.

ಇಷ್ಟೆಲ್ಲ ತಿಳಿದುಕೊಂಡು, ಕೈಯಲ್ಲಿ ಖಾಲಿ ಲೋಟ ಹಿಡಿದು ನಾನು ಹಾಲಿನ ಕೊನೆಯ ಪೀಪಾಯಿಯ ಬಳಿ ನಿಂತಿದ್ದೆ. ಪ್ರತಿ ಪೀಪಾಯಿಗೂ ಒಬ್ಬ ದಾನಿ ಇರುತ್ತಾನೆ. ಊರಿನ ಕಟುಕನಂಗಡಿ, ವಕೀಲರ ಕಚೇರಿ, ಕ್ಷೌರದಂಗಡಿ ಹೀಗೆ ಅವರ ಹೆಸರನ್ನು ಸ್ಲೇಟಿನಲ್ಲಿ ಸೀಮೆಸುಣ್ಣದಿಂದ ಬರೆದಿಟ್ಟಿದ್ದರು. ಈ ಕೊನೆಯದರ ಮೇಲೆ ಅಂಗಡಿಯ ಹೆಸರಿರಲಿಲ್ಲ. ಒಬ್ಬ ಹೆಂಗಸಿನ ಹೆಸರು, ಕೆಳಗೆ ‘ನೆನಪಿಗೆ’ ಎಂದಿತ್ತು. ನಲ್ಲಿಯ ಮುಂದೆ ನಿಂತಿದ್ದ ವೃದ್ಧರು ಆಕೆಯ ಗಂಡ. ಆಕೆ ತನ್ನ ಕೊನೆಯ ಹನ್ನೊಂದು ದಿನಗಳನ್ನು ಆ ಹಾಸ್ಪೈಸ್‌ನಲ್ಲಿ ಕಳೆದಿದ್ದರು. “ಅಲ್ಲಿಗೆ ಹೋದ ಮೊದಲ ರಾತ್ರಿ ಅವಳು ಆರು ವಾರಗಳಲ್ಲಿ ಮೊದಲ ಸಲ ನಿದ್ದೆ ಮಾಡಿದಳು. ನಾನು ಪಕ್ಕದ ಕುರ್ಚಿಯಲ್ಲಿ ಕೂತು ಅವಳ ಗೊರಕೆ ಕೇಳಿಸಿಕೊಂಡೆ,” ಎಂದರು. ಶನಿವಾರ ರಾತ್ರಿ ಆಕೆ ಅರ್ಧ ಪಿಂಟ್ ‘ಮೈಲ್ಡ್’ ಕುಡಿಯುತ್ತಿದ್ದರಂತೆ, ಅದಕ್ಕಿಂತ ಒಂದು ಹನಿ ಹೆಚ್ಚಿಲ್ಲ. ಪೀಪಾಯಿಯಲ್ಲಿದ್ದುದು ಅದೇ.

ಹಾಸ್ಪೈಸ್ ಎಂಬುದರ ಆಧುನಿಕ ರೂಪವನ್ನು ಕೊಟ್ಟವರು ಸಿಸಿಲಿ ಸಾಂಡರ್ಸ್. ದಾದಿಯಾಗಿ, ಸಮಾಜಸೇವಕಿಯಾಗಿ, ಆಮೇಲೆ ವೈದ್ಯಕೀಯ ಓದಿ ವೈದ್ಯೆಯಾಗಿ ದುಡಿದ ಆಕೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆರಂಭಿಸಿದರು. 2005ರಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದರು. ಸಾಯುವವನ ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದು, ಮನೆಯವರದು ಕೂಡ ಎಂಬುದು ಅವರ ದರ್ಶನ. ಚಿಕಿತ್ಸೆಯೆಲ್ಲ ಉಚಿತವಾದ ಆ ದೇಶದಲ್ಲಿ ವಿಚಿತ್ರವೆಂದರೆ, ಹಾಸ್ಪೈಸ್‌ಗಳ ಖರ್ಚಿನಲ್ಲಿ ಸರ್ಕಾರ ಹೊರುವುದು ಸುಮಾರು ಮೂರನೇ ಒಂದು ಪಾಲು ಮಾತ್ರ. ಉಳಿದದ್ದನ್ನು ಅವು ಹಳೆಬಟ್ಟೆಯ ಅಂಗಡಿ, ಓಟದ ಪಂದ್ಯ, ಕೇಕ್ ಮಾರಾಟ, ಇಂತಹ ಸಂಜೆಗಳಿಂದ ತಾವೇ ಕೂಡಿಸಿಕೊಳ್ಳಬೇಕು. ಹುಟ್ಟಿಸುವ ಖರ್ಚು ಸರ್ಕಾರದ್ದು, ಸಾಯಿಸುವ ಖರ್ಚು ಊರಿನದು ಎಂದು ಆ ವೃದ್ಧರು ಒಣನಗೆ ನಕ್ಕರು. ಬೆಂಗಳೂರಿನ ಮಾರತ್ತಹಳ್ಳಿಯ ಬಳಿ 1999ರಿಂದ ಒಂದು ಪೈಸೆ ಶುಲ್ಕವಿಲ್ಲದೆ ಇದೇ ಕೆಲಸ ಮಾಡುತ್ತಿರುವ ‘ಕರುಣಾಶ್ರಯ’ದ ಬಗ್ಗೆ ನಾನು ಹೇಳಿದೆ. ಅವರು ಹೆಸರಿನ ಅರ್ಥ ಕೇಳಿ ಬರೆದುಕೊಂಡರು.

ಆದರೆ ಮನಸ್ಸಿನ ಮೂಲೆಯಲ್ಲಿ ಮುಳ್ಳೊಂದು ಆಡುತ್ತಿತ್ತು. ಹಾಸ್ಪೈಸ್‌ಗೆ ಬರುವವರಲ್ಲಿ ಬಹಳಷ್ಟು ಮಂದಿ ಕ್ಯಾನ್ಸರ್ ರೋಗಿಗಳು. ಮದ್ಯ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾರಿದ್ದು 1988ರಲ್ಲಿ. ತಂಬಾಕನ್ನು ಇಟ್ಟ ಗುಂಪಿನಲ್ಲೇ ಅದನ್ನೂ ಇಟ್ಟಿದೆ. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ಕರುಳು, ಸ್ತನ ಇವೆಲ್ಲ ಆ ಪಟ್ಟಿಯಲ್ಲಿವೆ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನಬಹುದಾದ ಅಳತೆಯೇ ಇಲ್ಲವೆಂದು ಅದೇ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಬೀಡಿ ಹಂಚಿ ಕ್ಷಯರೋಗಿಗಳಿಗೆ ಹಣ ಎತ್ತಿದಂತಾಗಲಿಲ್ಲವೇ? ಮಗಳನ್ನು ಕೇಳಿದೆ. ಅವಳು ತಕರಾರು ತೆಗೆಯಲಿಲ್ಲ. “ನಿಜ ಅಪ್ಪ. ಇದೇ ದೇಶದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2013ರಲ್ಲಿ ಒಂದು ತಿಂಗಳು ಕುಡಿಯದೆ ಇದ್ದು ಹಣ ಕೂಡಿಸಿ ಎಂದು ಅಭಿಯಾನ ಶುರುಮಾಡಿತು. ಕುಡಿದರೂ ಅವರಿಗೇ ದುಡ್ಡು, ಬಿಟ್ಟರೂ ಅವರಿಗೇ ದುಡ್ಡು,” ಎಂದು ನಕ್ಕು, ಸ್ವಲ್ಪ ಹೊತ್ತಿನ ಮೇಲೆ, “ಈ ಸಂಜೆ ಇಲ್ಲದಿದ್ದರೂ ಇವರಲ್ಲಿ ಮುಕ್ಕಾಲು ಪಾಲು ಜನ ಪಬ್ಬಿನಲ್ಲಿರುತ್ತಿದ್ದರು. ಆದರೆ ನಾನು ಇದನ್ನು ಸರಿ ಅನ್ನುವುದಿಲ್ಲ,” ಎಂದಳು. ಅವಳ ಕೈಯಲ್ಲಿದ್ದುದು ಕಿತ್ತಳೆ ರಸ. ನಾನು ಅದನ್ನು ಆವರೆಗೆ ಗಮನಿಸಿರಲಿಲ್ಲ.

ಈಗ ಅಣ್ಣನ ವಿಷಯ. ಹಾಸನ ಜಿಲ್ಲೆಯ ನಮ್ಮ ಊರಿನಲ್ಲಿ ಸಾರಾಯಿ ಅಂಗಡಿ ಇದ್ದುದು ಬಸ್ಸು ನಿಲ್ಲುವ ಅರಳಿಮರದ ಹಿಂದೆ. ಅಣ್ಣ ಕೆಟ್ಟವನಲ್ಲ. ಎತ್ತುಗಳನ್ನು ಮುದ್ದು ಮಾಡುತ್ತಿದ್ದ, ಭಜನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದ. ಅವ್ವ ದುಡ್ಡನ್ನು ಸಾರಿನ ಪುಡಿಯ ಡಬ್ಬಿಯಲ್ಲಿ, ಅತ್ತಿಗೆ ತೊಟ್ಟಿಲ ಬಟ್ಟೆಯ ಮಡಿಕೆಯಲ್ಲಿ ಬಚ್ಚಿಡುತ್ತಿದ್ದರು. ಅವನು ಎರಡನ್ನೂ ಹುಡುಕಿ ತೆಗೆಯುತ್ತಿದ್ದ. ಹೊಟ್ಟೆಯಲ್ಲಿ ನೀರು ತುಂಬಿ 1986ರಲ್ಲಿ ಹೋದಾಗ ಅವನಿಗೆ ನಲವತ್ತೊಂದು ವರ್ಷ. ನೋವಿನಲ್ಲೇ ಹೋದ, ಅವನ ಪಾಲಿಗೆ ಯಾವ ಹಾಸ್ಪೈಸೂ ಇರಲಿಲ್ಲ, ತಾಲ್ಲೂಕು ಆಸ್ಪತ್ರೆಯ ಜಗುಲಿ ಇತ್ತು. ಅದೇ ವರ್ಷ ನಮ್ಮ ಸೀಮೆಯ ಸಾರಾಯಿ ಗುತ್ತಿಗೆದಾರರು ಊರ ಶಾಲೆಗೆ ಎರಡು ಕೊಠಡಿ ಕಟ್ಟಿಸಿಕೊಟ್ಟರು. ಬಾಗಿಲ ಮೇಲೆ ಅಮೃತಶಿಲೆಯ ಫಲಕ. ಉದ್ಘಾಟನೆಯ ದಿನ ಮಕ್ಕಳಿಗೆ ಬೂಂದಿ ಹಂಚಿದರು. ಅಣ್ಣನ ಮಗ ನಾಲ್ಕನೆಯ ತರಗತಿಯಿಂದ ಏಳರವರೆಗೆ ಓದಿದ್ದು ಆ ಕೊಠಡಿಯಲ್ಲೇ. ಮಳೆಗಾಲದಲ್ಲಿ ಸೋರದ ಕೊಠಡಿ ಊರಿನಲ್ಲಿ ಅದೊಂದೇ ಇತ್ತು. ಆ ಫಲಕವನ್ನು ನೋಡಿದಾಗಲೆಲ್ಲ ನನಗೆ, ಅದರಲ್ಲಿ ಬರೆಯಬೇಕಾದ ದಾನಿಯ ಹೆಸರು ಬೇರೆಯದು ಎನಿಸುತ್ತಿತ್ತು.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಹಳ್ಳಿಯ ಹೆಂಗಸರು ಉಸಿರು ಬಿಟ್ಟರು. ಆದರೆ ಕುಡಿಯುವವರು ಸಾರಾಯಿಯ ಪೊಟ್ಟಣ ಬಿಟ್ಟು ಅಗ್ಗದ ವಿಸ್ಕಿಯ ಕಡೆಗೆ ತಿರುಗಿದರು. ಇಂದು ರಾಜ್ಯದ ಅಬಕಾರಿ ಆದಾಯ ವರ್ಷಕ್ಕೆ 30,000 ಕೋಟಿ ರೂಪಾಯಿಗಳನ್ನು ದಾಟಿದೆ. ಬಜೆಟ್ಟಿನಲ್ಲಿ ಇಲಾಖೆಗೆ ಪ್ರತಿ ವರ್ಷ ಗುರಿ ನಿಗದಿಯಾಗುತ್ತದೆ. ಗುರಿ ಮುಟ್ಟಿದರೆ ಸಾಧನೆ. ಶಾಲೆಯ ಬಿಸಿಯೂಟ, ವೃದ್ಧಾಪ್ಯ ವೇತನ, ರಸ್ತೆ, ಆಸ್ಪತ್ರೆ ಎಲ್ಲಕ್ಕೂ ಸೇರುವ ಖಜಾನೆಗೆ ಈ ಹಣವೂ ಸೇರುತ್ತದೆ. ಒಂದು ಅರ್ಥದಲ್ಲಿ ಇದೂ ಸಹಾಯಾರ್ಥ ಪ್ರದರ್ಶನವೇ. ವರ್ಷದ ಬಹುಪಾಲು ದಿನ ನಡೆಯುವ ಇದರಲ್ಲಿ ಮೂರನೇ ಒಂದು ಪಿಂಟಿನ ಗೆರೆ ಮಾತ್ರ ಇಲ್ಲ. ಯಾರ ಜೇಬಿನಿಂದ ಬಂತು, ಯಾರ ಪಾಲಿಗೆ ಹೋಯಿತು ಎಂಬ ಲೆಕ್ಕವನ್ನು ಕುಡಿದವನಿಗೂ ಹೇಳುವುದಿಲ್ಲ, ಅವನ ಹೆಂಡತಿಗಂತೂ ಮೊದಲೇ ಹೇಳುವುದಿಲ್ಲ. ಆ ಹೆಂಡತಿಯರೇ 2019ರ ಜನವರಿಯಲ್ಲಿ ಸಾವಿರಾರು ಸಂಖ್ಯೆಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರ್ ಕಾಲ್ನಡಿಗೆಯಲ್ಲಿ ಬಂದು ಮದ್ಯ ನಿಷೇಧಿಸಿ ಎಂದರು. ರಾಜಧಾನಿಯವರಾದ ನಾವು ಅಂದು ಮುಖ್ಯವಾಗಿ ಸಂಚಾರ ದಟ್ಟಣೆಯ ಬಗ್ಗೆ ಮಾತಾಡಿಕೊಂಡೆವು.

ಸಂಪೂರ್ಣ ಪಾನನಿಷೇಧ ಕೈಗೂಡುತ್ತದೆಂದು ನಂಬುವಷ್ಟು ಮುಗ್ಧ ನಾನಲ್ಲ. ನಿಷೇಧವಿದ್ದ ಕಡೆ ಕಳ್ಳಭಟ್ಟಿ ಎಷ್ಟು ಜೀವಗಳನ್ನು ತಿಂದಿದೆಯೆಂಬುದು ಗೊತ್ತಿರುವುದೇ. ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಆ ಯಾರ್ಕ್‌ಷೈರ್ ಹಾಲಿನಲ್ಲಿ ಹಣ ಕೊಟ್ಟವರು ಕೊಡುವ ಶಕ್ತಿ ಇದ್ದವರು. ಏಕೆ ಕೊಡುತ್ತಿದ್ದೇವೆಂದು ಬಲ್ಲವರು. ಮರುದಿನ ಅವರ ಮಕ್ಕಳಿಗೆ ಹಾಲಿಗೆ ಕಡಿಮೆಯಾಗುತ್ತಿರಲಿಲ್ಲ. ನಮ್ಮಲ್ಲಿ ಈ ದಾನದ ಬಹುಭಾಗ ಬರುವುದು ಸಾರಿನ ಪುಡಿಯ ಡಬ್ಬಿಯಿಂದ. ಹಣ ಒಂದೇ ಬಗೆಯ ದ್ರವದಿಂದ ಬಂದಿದ್ದರೂ ಎರಡನ್ನೂ ಒಂದೇ ಎನ್ನಲು ನನ್ನ ಮನಸ್ಸು ಒಪ್ಪದು. ಹಾಗೆಂದು ಮಗಳ ಆಕ್ಷೇಪಕ್ಕೂ ನನ್ನಲ್ಲಿ ಉತ್ತರವಿಲ್ಲ.

ಕುಡಿದೆಯೋ ಇಲ್ಲವೋ ಎಂದು ಓದುಗರು ಕೇಳಿಯೇ ಕೇಳುತ್ತಾರೆ. ಆ ವೃದ್ಧರು ನನ್ನ ಖಾಲಿ ಲೋಟದ ಕಡೆ ನೋಡಿ ಏನೂ ಕೇಳಲಿಲ್ಲ. ನಾನೇ ಚಾಚಿದೆ. ಕೆಳಗಿನ ಗೆರೆಯವರೆಗೂ ಬೇಡ, ಅದರ ಅರ್ಧಕ್ಕೆ ಸಾಕು ಎಂದೆ. ಕಾಫಿ ಡಿಕಾಕ್ಷನ್ ಬಣ್ಣದ ದ್ರವ. ಮೂಗಿನ ಬಳಿ ತಂದಾಗ ಅಣ್ಣನ ಅಂಗಿಯ ವಾಸನೆ ಬಂದೀತೆಂದು ಉಸಿರು ಬಿಗಿಹಿಡಿದಿದ್ದೆ, ಬರಲಿಲ್ಲ. ಬಂದದ್ದು ರಾತ್ರಿಯಿಡೀ ಹುದುಗಿದ ದೋಸೆ ಹಿಟ್ಟಿನ, ಹುರಿದ ರಾಗಿಯ ವಾಸನೆ. ಒಂದೇ ಗುಟುಕು. ಮೊದಲು ತುಸು ಸಿಹಿ, ಆಮೇಲೆ ನಾಲಗೆಯ ಬುಡದಲ್ಲಿ ಹಾಗಲಕಾಯಿಯ ಕಹಿ. ಎರಡನೆಯ ಗುಟುಕು ಬೇಕೆನಿಸಲಿಲ್ಲ. ಲೋಟ ಮೇಜಿನ ಮೇಲಿಟ್ಟೆ. “ಅವಳ ತಂಗಿಗೂ ಇದು ಸೇರುತ್ತಿರಲಿಲ್ಲ,” ಎಂದು ಅವರು ಸಮಾಧಾನ ಹೇಳಿ, ಲೋಟವನ್ನು ತೊಳೆದು ಒರೆಸಿ ನನ್ನ ಕೈಗೇ ಕೊಟ್ಟರು.

ಹೊರಡುವಾಗ ಬಾಗಿಲಲ್ಲಿ ಪ್ಲಾಸ್ಟಿಕ್ ಬಕೀಟು ಇತ್ತು. ಉಳಿದ ಟೋಕನ್‌ಗಳನ್ನು ಹಾಕಿದರೆ ಅವುಗಳ ಹಣವೂ ಹಾಸ್ಪೈಸ್‌ಗೆ ಸೇರುತ್ತದೆ. ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅದರಲ್ಲಿ ಹಾಕಿದೆ. ಮುಂದಿನ ಭಾನುವಾರ ಚರ್ಚಿನ ಸೂಚನಾ ಫಲಕದಲ್ಲಿ ಸಂಜೆಯ ಲೆಕ್ಕ ಅಂಟಿಸಿದ್ದರು. ಪೀಪಾಯಿಗೆ ಎಷ್ಟು, ಲೋಟಕ್ಕೆ ಎಷ್ಟು, ಒಡೆದ ಲೋಟಗಳು ಎಷ್ಟು, ಉಳಿದದ್ದು ಎಷ್ಟು ಎಂಬುದೆಲ್ಲ ಪೆನ್ನಿಯವರೆಗೂ ಅದರಲ್ಲಿತ್ತು. ಮಳೆಗೆ ನೆನೆಯದಿರಲೆಂದು ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು.

ಲೋಟ ಈಗ ಬೆಂಗಳೂರಿನ ನಮ್ಮ ಅಡುಗೆಮನೆಯಲ್ಲಿದೆ. ಮೇಲೆ ಏನು ಬರೆದಿದೆಯೆಂದು ನನ್ನ ಹೆಂಡತಿ ಓದಲು ಹೋಗಿಲ್ಲ. ಕೆಳಗಿನ ಗೆರೆಯವರೆಗೆ ರವೆ ತುಂಬಿದರೆ ಇಬ್ಬರಿಗೆ ಉಪ್ಪಿಟ್ಟಿಗೆ ಸರಿಹೋಗುತ್ತದೆ ಎನ್ನುತ್ತಾಳೆ.